ಹದಿನಾಲ್ಕನೇ ನಂಬರಿನ ಸ್ಪ್ಯಾನರ್

ಬೆಳಗ್ಗೆ 10.35ಕ್ಕೆ ರಜಾ ಪ್ರವಾಸದ ವಿಮಾನ ಕಂಪನಿಯ ಮ್ಯಾನೇಜರಮ್ಮ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಬಂದು ದೂರಿನ ಹಾಳೆಯನ್ನು ಮೇಜಿನ ಮೇಲಿಟ್ಟಳು. ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ರನ್‌ವೇ ಬದಿಯ ಹುಲ್ಲಿನಲ್ಲೆಲ್ಲೋ ಉಳಿದಿತ್ತು.

ಇನ್ಸ್‌ಪೆಕ್ಟರ್ ಓದಿದ. 9.41ಕ್ಕೆ ಕಂಪನಿಯ ಟಿಕೆಟ್ ಕೌಂಟರಿಗೆ ಫೋನ್ ಬಂದಿದೆ. ಗಂಡಸಿನ ದನಿ. ‘ಹತ್ತು ಗಂಟೆ ವಿಮಾನದಲ್ಲಿ ಬಾಂಬ್ ಇದೆ’ ಎಂದಷ್ಟೇ ಹೇಳಿ ಇಟ್ಟಿದ್ದಾನೆ. ಹೊರಟು ನಿಂತಿದ್ದ ವಿಮಾನದಿಂದ ನೂರ ಎಪ್ಪತ್ತನಾಲ್ಕು ಜನರನ್ನು ರಬ್ಬರಿನ ತುರ್ತು ಜಾರುಬಂಡಿಯ ಮೇಲೆ ಜಾರಿಸಿ ಇಳಿಸಲಾಗಿದೆ. ಒಬ್ಬ ಅಜ್ಜಿಯ ಸೊಂಟದ ಮೂಳೆ ಮುರಿದಿದೆ.

ಓದುತ್ತಿದ್ದ ಹಾಗೆಯೇ ಇನ್ಸ್‌ಪೆಕ್ಟರನ ಕಣ್ಣು ಮೇಜಿನ ಫೋನಿನ ಕಡೆ ಹೋಯಿತು. 9.20ಕ್ಕೆ ಇದೇ ಫೋನ್ ಬಡಿದುಕೊಂಡಿತ್ತು. ರೂಮಿನಲ್ಲಿ ಅವನೊಬ್ಬನೇ ಇದ್ದ, ಬಾಯಿ ತುಂಬ ತಿಂಡಿ ಇತ್ತು.

‘ಸಾರ್, ಹತ್ತು ಗಂಟೆ ವಿಮಾನ ನಿಲ್ಲಿಸಿ. ರೆಕ್ಕೆಯೊಳಗೆ ಒಂದು ಸ್ಪ್ಯಾನರ್ ಉಳ್ಕೊಂಡಿದೆ.’

‘ಸ್ಪ್ಯಾನರ್ ಉಳ್ಕೊಂಡ್ರೆ ಮೆಕ್ಯಾನಿಕ್ಕನ್ನ ಕರಿಯಪ್ಪ. ಇದೇನು ಗ್ಯಾರೇಜಾ? ಯಾರು ನೀನು?’

ಇನ್ಸ್‌ಪೆಕ್ಟರ್ ಇನ್ನೊಂದು ತುತ್ತು ನುಂಗುವವರೆಗೂ ಹೆಸರು ಬಂದಿರಲಿಲ್ಲ.

‘ಹೆಸರು ಹೇಳೋಕೆ ಬಾಯಿಲ್ಲ, ವಿಮಾನ ನಿಲ್ಲಿಸ್ಬೇಕಂತೆ. ತಲೆಹರಟೆ! ಇಡು ಫೋನು!’

ಇಟ್ಟಿದ್ದು ಇವನೇ, ಅದೂ ದಢಾರನೆ. ಆಮೇಲೆ ನೆಮ್ಮದಿಯಾಗಿ ತಟ್ಟೆ ಖಾಲಿ ಮಾಡಿ ಕೈ ತೊಳೆದಿದ್ದ. ಬಂದ ಫೋನುಗಳನ್ನೆಲ್ಲ ಬರೆದಿಡುವ ಪುಸ್ತಕ ಮೊಳ ದೂರದಲ್ಲೇ ಇತ್ತು. ಅದರಲ್ಲಿ ಒಂದು ಸಾಲೂ ಬರೆದಿರಲಿಲ್ಲ.

10.50ಕ್ಕೆ ಎಫ್‌ಐಆರ್ ದಾಖಲಾಯಿತು. ಕೈಬರಹ ಮುತ್ತಿನಂತಿದ್ದ ಹಳೆಯ ದಫೇದಾರ ಬರೆದು ಮುಗಿಸಿ, “ಇನ್ನೇನಾದ್ರೂ ಸೇರಿಸ್ಬೇಕಾ ಸಾರ್?” ಎಂದ.

“ಇಲ್ಲ,” ಎಂದ ಇನ್ಸ್‌ಪೆಕ್ಟರ್. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಇಷ್ಟು ಚಿಕ್ಕ ಸುಳ್ಳು ಅವನಿಗೆ ಇಷ್ಟು ಭಾರವಾಗಿದ್ದು ಇದೇ ಮೊದಲು.

11.40ಕ್ಕೆ ಆಸ್ಪತ್ರೆಯಲ್ಲಿ ಅಜ್ಜಿಯ ಹೇಳಿಕೆ. ಕಡಲ ತೀರಕ್ಕೆಂದು ಮೊಮ್ಮಕ್ಕಳು ಕೊಡಿಸಿದ್ದ ಬಿಸಿಲುಟೋಪಿ ಇನ್ನೂ ತಲೆಯ ಮೇಲೆಯೇ ಇತ್ತು.

“ಜಾರುಬಂಡಿ ಆಡಿ ಅರವತ್ತು ವರ್ಷ ಆಗಿತ್ತಪ್ಪ,” ಎಂದಳು ಅಜ್ಜಿ. “ಆಸೆಯಿಂದಲೇ ಜಾರಿದೆ. ನಿಲ್ಲೋದು ಮರ್ತುಹೋಗಿತ್ತು, ಅಷ್ಟೆ.”

“ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಯಾರ ಮೇಲೆ ಅಂತ ಪಡ್ಲಿ? ಅದಿರ್ಲಿ, ಮುಖ ಯಾಕಪ್ಪ ಹೀಗೆ ಬಾಡಿದೆ? ನನಗಿಂತ ನಿನಗೇ ನೋವಾದ ಹಾಗಿದೆ. ಊಟ ಮಾಡಿದ್ಯಾ?”

ಇನ್ಸ್‌ಪೆಕ್ಟರ್ ಹೇಳಿಕೆಯ ಹಾಳೆ ಮುಂದಿಟ್ಟ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಸರಸರನೆ ಹೊರಬಿದ್ದ.

12.30ಕ್ಕೆ ಬಾಂಬ್ ಪತ್ತೆದಳದವರು ವಿಮಾನದಲ್ಲಿ ಏನೂ ಇಲ್ಲವೆಂದು ಬರೆದುಕೊಟ್ಟರು. ಚೀಲ, ಸೀಟು, ಶೌಚಾಲಯ ಎಲ್ಲ ಜಾಲಾಡಿದ್ದರು. ರೆಕ್ಕೆಯ ಮುಚ್ಚಳ ಬಿಚ್ಚಿರಲಿಲ್ಲ. ಬಿಚ್ಚಿ ಎಂದು ಅವರಿಗೆ ಹೇಳಿದವರಾದರೂ ಯಾರು?

ಮ್ಯಾನೇಜರಮ್ಮ ಬೆನ್ನು ಬಿಡಲಿಲ್ಲ. “ಸಂಜೆ ಐದಕ್ಕೆ ಅದೇ ವಿಮಾನ ಕಳಿಸ್ತೀವಿ ಸಾರ್. ಜನಕ್ಕೆ ಇರೋದೇ ನಾಲ್ಕು ದಿನ ರಜ. ನಮಗಿರೋದೇ ಮೂರು ವಿಮಾನ.”

“ನಾನು ಹೇಳೋವರೆಗೂ ಅದರ ಹತ್ರ ಒಂದು ನೊಣಾನೂ ಸುಳೀಬಾರ್ದು.”

ಬಾಗಿಲಿಗೆ ಮೊಹರು ಹಾಕಿ ಇಬ್ಬರು ಪೇದೆಗಳನ್ನು ನಿಲ್ಲಿಸಿದ. ಒಂದೇ ನಡುದಾರಿ, ಆಚೆ ಮೂರು ಈಚೆ ಮೂರು ಸೀಟಿನ ಆ ಬಿಳಿ ವಿಮಾನ, ಬಾಲದ ಮೇಲೆ ಕಿತ್ತಳೆ ಬಣ್ಣದ ಕೊಡೆಯ ಚಿತ್ರ ಹೊತ್ತು, ಏನೂ ತಿಳಿಯದಂತೆ ಬಿಸಿಲಲ್ಲಿ ನಿಂತಿತ್ತು. ರೆಕ್ಕೆ ಬಿಚ್ಚಿಸಿ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ 9.20ರ ಫೋನು.

ಬಾಂಬ್ ಎಂದ ಫೋನು ಎಲ್ಲಿಂದ ಬಂದಿತ್ತು ಎಂಬುದು ಕೌಂಟರಿನ ಯಂತ್ರದಲ್ಲೇ ದಾಖಲಾಗಿತ್ತು. ವಿಮಾನ ರಿಪೇರಿ ಶೆಡ್ಡಿನ ಓಣಿಯ ಗೋಡೆ ಫೋನು. ಒಂದು ಗಂಟೆಗೆ ಇನ್ಸ್‌ಪೆಕ್ಟರ್ ದಫೇದಾರನೊಂದಿಗೆ ಅಲ್ಲಿಗೆ ಹೋದ.

ರಾತ್ರಿ ಪಾಳಿಯಲ್ಲಿ ಬಲ ರೆಕ್ಕೆಯ ಕೆಲಸ ಮಾಡಿದವರು ಆರು ಜನ. ಐವರು ಮನೆಗೆ ಹೋಗಿ ಮಲಗಿದ್ದರು. ಆರನೆಯವನಾದ ಮುಖ್ಯ ಮೆಕ್ಯಾನಿಕ್ ಮಾತ್ರ ಪಾಳಿ ಮುಗಿದು ಹೊತ್ತಾದರೂ ಶೆಡ್ಡಿನಲ್ಲೇ ಸುಳಿದಾಡುತ್ತಿದ್ದ. ಎಲ್ಲರೂ ಅವನನ್ನು ಎಣಿಕೆಯಪ್ಪ ಎನ್ನುತ್ತಿದ್ದರು. ಆ ಹೆಸರು ಬಂದದ್ದು ಅಲ್ಲಿನ ಪದ್ಧತಿಯಿಂದ. ಪ್ರತಿ ಪೆಟ್ಟಿಗೆಯಲ್ಲೂ ದಪ್ಪ ಕಪ್ಪು ಸ್ಪಂಜು, ಪ್ರತಿ ಸಲಕರಣೆಗೂ ಅದರದೇ ಆಕಾರಕ್ಕೆ ಕೊರೆದ ಗುಂಡಿ. ಪಾಳಿ ಮುಗಿದಾಗ ಒಂದು ಗುಂಡಿ ಖಾಲಿಯಿದ್ದರೂ ವಿಮಾನ ಹಾರುವಂತಿಲ್ಲ. ಎಣಿಸಿ ಸಹಿ ಹಾಕುವವನು ಎಣಿಕೆಯಪ್ಪ.

“ಪೆಟ್ಟಿಗೆ ತೆಗೀರಿ,” ಎಂದ ಇನ್ಸ್‌ಪೆಕ್ಟರ್.

“ಬಾಂಬಿಗೂ ಪೆಟ್ಟಿಗೆಗೂ ಏನ್ ಸಾರ್ ಸಂಬಂಧ?” ದಫೇದಾರ ಪಿಸುಗುಟ್ಟಿದ.

“ಸುಮ್ನಿರಯ್ಯ.”

ಮೂರನೆಯ ಪೆಟ್ಟಿಗೆಯಲ್ಲಿ ಎಲ್ಲ ಗುಂಡಿಗಳೂ ತುಂಬಿದ್ದವು. ಆದರೆ ಹದಿನಾಲ್ಕನೇ ನಂಬರಿನ ಸ್ಪ್ಯಾನರ್ ತನ್ನ ಗುಂಡಿಯಲ್ಲಿ ಲೊಡಲೊಡ ಅನ್ನುತ್ತಿತ್ತು, ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ. ಇನ್ಸ್‌ಪೆಕ್ಟರ್ ಎತ್ತಿ ನೋಡಿದ. ಉಳಿದವುಗಳ ಮೇಲೆ ಕೊರೆದಿದ್ದ ಕಂಪನಿಯ ಗುರುತು ಇದರ ಮೇಲಿರಲಿಲ್ಲ. ಇಂಥದ್ದೇ ತೆಳು ತಗಡಿನದು ಅವನ ಮನೆಯಲ್ಲೂ ಒಂದಿತ್ತು.

“ಇದು ಸ್ಕೂಟರ್ ಜೊತೆ ಕೊಡೋ ಸ್ಪ್ಯಾನರ್ ಅಲ್ವೇನ್ರೀ?”

ಎಣಿಕೆಯಪ್ಪ ಸ್ಪ್ಯಾನರನ್ನು ನೋಡುತ್ತಿರಲಿಲ್ಲ, ಇನ್ಸ್‌ಪೆಕ್ಟರನ ಮುಖವನ್ನೇ ನೋಡುತ್ತಿದ್ದ.

“ಈ ದನಿ ನಾನು ಕೇಳಿದೀನಿ ಸಾರ್,” ಎಂದ ಮೆಲ್ಲಗೆ.

ಇನ್ಸ್‌ಪೆಕ್ಟರ್ ದಫೇದಾರನನ್ನು ನೀರು ತರಲು ಕಳಿಸಿದ.

“ಮೊದಲು ಬಲ ರೆಕ್ಕೆ ಬಿಚ್ಚಿಸಿ ಸಾರ್, ದಮ್ಮಯ್ಯ,” ಎಂದ ಎಣಿಕೆಯಪ್ಪ. “ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡಿ. ಮೊಹರು ಹಾಕಿದಾಗಿಂದ ಕೇಳ್ತಾನೇ ಇದೀನಿ, ನಿಮ್ಮ ಪೇದೆಗಳು ಹತ್ರ ಸೇರಿಸ್ತಿಲ್ಲ.”

2.20ಕ್ಕೆ ಪಂಚನಾಮೆ. ಸಾಕ್ಷಿ ನಿಂತ ಪಂಚರು ಮ್ಯಾನೇಜರಮ್ಮ ಮತ್ತು ಇಂಧನದ ಲಾರಿಯ ಡ್ರೈವರ್. ಮನೆಯಿಂದ ಕರೆಸಿದ ಇನ್ನೊಬ್ಬ ಮೆಕ್ಯಾನಿಕ್ ರೆಕ್ಕೆಯ ತಳದ ಮುಚ್ಚಳ ಬಿಚ್ಚಿ, ಮೊಣಕೈವರೆಗೆ ಕೈ ಹಾಕಿ, ಹದಿನಾಲ್ಕನೇ ನಂಬರಿನ ಅಸಲಿ ಸ್ಪ್ಯಾನರನ್ನು ಹೊರತೆಗೆದ. ಇಳಿಯುವಾಗ ರೆಕ್ಕೆಯ ಹಿಂದಿನ ಪಟ್ಟಿಯನ್ನು ಕೆಳಗೆ ತಳ್ಳುವ ತಿರುಪಿನಿಂದ ಅದು ಗೇಣು ದೂರದಲ್ಲಿತ್ತು.

“ಸಿಕ್ಕಿಕೊಂಡಿದ್ರೆ?” ಮ್ಯಾನೇಜರಮ್ಮ ಕೇಳಿದಳು.

“ಒಂದು ಕಡೆ ಪಟ್ಟಿ ಇಳಿದು, ಇನ್ನೊಂದು ಕಡೆ ನಿಂತುಬಿಡ್ತಿತ್ತು. ವಿಮಾನ ಮಗುಚೋದು,” ಎಂದ ಮೆಕ್ಯಾನಿಕ್. ಮ್ಯಾನೇಜರಮ್ಮ ಕುಸಿದು ಕೂತಳು. ದಫೇದಾರ ಮಾತ್ರ ಇನ್ಸ್‌ಪೆಕ್ಟರನನ್ನೇ ನೋಡುತ್ತಿದ್ದ. ಸ್ಪ್ಯಾನರ್ ಹುಡುಕಬೇಕೆಂದು ಸಾಹೇಬರಿಗೆ ಹೊಳೆದದ್ದು ಹೇಗೆ ಎಂದು ಅವನು ಕೇಳಲಿಲ್ಲ.

3.15ಕ್ಕೆ ವಿಮಾನದ ಮೊಹರು ತೆಗೆಸಿ, ಎಣಿಕೆಯಪ್ಪನನ್ನು ಬಂಧಿಸಿ ಠಾಣೆಗೆ ತಂದರು. ಹೇಳಿಕೆ ಶುರುವಾಯಿತು.

“ಬೆಳಗ್ಗೆ ಆರಕ್ಕೆ ಎಣಿಸಿದೆ. ಹದಿನಾಲ್ಕು ಇರ್ಲಿಲ್ಲ. ಕ್ಯಾಂಟೀನಲ್ಲಿ ಬಿಟ್ಟಿರ್ಬೇಕು, ಆಮೇಲೆ ತಂದಿಟ್ರಾಯ್ತು ಅನ್ಕೊಂಡು ನನ್ನ ಸ್ಕೂಟರಿನದನ್ನ ಇಟ್ಟು ಸಹಿ ಹಾಕ್ಬಿಟ್ಟೆ. ಮನೇಲಿ ಕೈ ತೊಳೀತಿದ್ದಾಗ ನೆನಪಾಯ್ತು. ಟಾರ್ಚ್ ಹಿಡಿಯೋಕೆ ಅಂತ ಅದನ್ನ ರೆಕ್ಕೆಯೊಳಗೇ ಇಟ್ಟಿದ್ದೆ. ಓಡಿ ಬಂದೆ. ಅಷ್ಟರಲ್ಲಿ ಜನ ಹತ್ತಿದ್ರು.”

“ಪೈಲಟ್‌ಗೆ ಒಂದು ಮಾತು ಹೇಳ್ಬಹುದಿತ್ತಲ್ಲ?”

“ಬಾಯಿ ಬರ್ಲಿಲ್ಲ ಸಾರ್.” ಎಣಿಕೆಯಪ್ಪ ಅಂಗೈಗಳನ್ನು ನೋಡಿಕೊಂಡ. “ನನ್ನ ಹೆಂಡ್ತಿ ತಮ್ಮ ಇದೇ ಶೆಡ್ಡಲ್ಲಿದ್ದ. ಎರಡು ವರ್ಷದ ಹಿಂದೆ ಒಂದು ಸ್ಕ್ರೂಡ್ರೈವರ್ ಕಳ್ಕೊಂಡ. ಕಾಲು ಹಿಡ್ಕೊಂಡು, ಭಾವ, ಹತ್ತು ನಿಮಿಷ ಕೊಡಿ, ಹುಡುಕ್ತೀನಿ ಅಂದ. ಲೆಕ್ಕ ಅಂದ್ರೆ ಲೆಕ್ಕ ಅಂತ ಬರೆದುಕೊಟ್ಟೆ. ಕೆಲಸ ಹೋಯ್ತು. ಅವತ್ತಿಂದ ನನ್ನ ಹೆಂಡ್ತಿ ನನ್ನ ಜೊತೆ ಕೂತು ಊಟ ಮಾಡಿಲ್ಲ. ಈಗ ನಾನೇ ಕಳ್ಕೊಂಡೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಸುಳ್ಳು ಹೇಳಿದ್ರೆ ಸಾಕು, ವಿಮಾನ ನಿಲ್ಲುತ್ತೆ, ಹೆಸರು ಉಳಿಯುತ್ತೆ ಅನ್ಸ್ತು. ಆ ಅಜ್ಜಿ ಹೇಗಿದಾರೆ ಸಾರ್?”

“ನನ್ನನ್ನ ಊಟ ಆಯ್ತಾ ಅಂತ ಕೇಳಿದ್ರು.”

ಎಣಿಕೆಯಪ್ಪ ಬಿಕ್ಕಿ ಬಿಕ್ಕಿ ಅತ್ತ. ಮುಂದಿನ ಪುಟಕ್ಕೆ ದಫೇದಾರ ಹಾಳೆ ಹುಡುಕುತ್ತಿದ್ದಾಗ, ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದ: “ಠಾಣೆಗೆ ಮಾಡಿದ್ದ ಫೋನಿನ ವಿಷಯ ನಾನು ಎತ್ತಲ್ಲ ಸಾರ್. ಹೆಸರು ಹೇಳದವನದ್ದೇ ತಪ್ಪು.”

ಎಷ್ಟು ಸಲೀಸು! ಇವನು ಬಾಯಿ ಬಿಡುವುದಿಲ್ಲ, ಪುಸ್ತಕದಲ್ಲಿ ಸಾಲಿಲ್ಲ. ಇನ್ಸ್‌ಪೆಕ್ಟರ್ ತನ್ನ ಮೇಜನ್ನು ನೋಡಿದ. ಈ ಬೆಳಗ್ಗೆ ಒಬ್ಬ ಇಲ್ಲಿಗೆ ಸತ್ಯ ಹೇಳಿದ್ದ, ಅದನ್ನು ತಾನು ಗದರಿಸಿ ಓಡಿಸಿದ್ದ. ಸುಳ್ಳು ಹೇಳಿದ ಮೇಲೆ ಊರೆಲ್ಲ ಎದ್ದು ಕುಣಿದಿತ್ತು. ಅದಾದ ಮೇಲೂ ಸುಮಾರು ಐದು ಗಂಟೆ ಕಾಲ ತಾನು ಬಾಯಿಗೆ ಬೀಗ ಹಾಕಿಕೊಂಡೇ ಓಡಾಡಿದ್ದ. ಎದುರಿಗೆ ಕೂತವನಿಗೂ ತನಗೂ ಇರುವ ವ್ಯತ್ಯಾಸ ಮೈಮೇಲಿನ ಖಾಕಿಯೊಂದೇ ಎನ್ನಿಸಿ ಅವನಿಗೆ ನಾಚಿಕೆಯಾಯಿತು.

“ದಫೇದಾರ್ರೇ, ಬರ್ಕೊಳ್ಳಿ. 9.20ಕ್ಕೆ ಆರೋಪಿ ಮೊದಲು ಈ ಠಾಣೆಗೆ ಫೋನ್ ಮಾಡಿ, ರೆಕ್ಕೆಯೊಳಗೆ ಸ್ಪ್ಯಾನರ್ ಇದೆ ಅಂತ ನಿಜ ಹೇಳಿದ್ದಾನೆ. ಫೋನ್ ತೆಗೆದವರು ಅವನಿಗೆ ಬೈದು, ಫೋನ್ ಇಟ್ಟಿದ್ದಾರೆ. ಪುಸ್ತಕದಲ್ಲೂ ಬರೆದಿಲ್ಲ, ಎಫ್‌ಐಆರ್‌ನಲ್ಲೂ ಹೇಳಿಲ್ಲ.”

ದಫೇದಾರನ ಪೆನ್ನು ನಿಂತಿತು. “ಫೋನ್ ತೆಗೆದವರು... ಯಾರು ಅಂತ ಬರೀಲಿ ಸಾರ್?”

“ನಾನು. ಹೆಸರು ಪೂರ್ತಿ ಬರೀರಿ. ಮೇಲಿನ ಸಾಹೇಬ್ರಿಗೆ ವರದಿ ಕಳಿಸಿ, ಈ ಕೇಸಿಗೆ ಬೇರೆ ಅಧಿಕಾರಿ ಬರ್ಲಿ. ನಾನಿನ್ನು ಇದರಲ್ಲಿ ಸಾಕ್ಷಿ.”

ಬರೆದು ಮುಗಿಯುವ ಹೊತ್ತಿಗೆ ಐದು ಗಂಟೆ. ಕಿಟಕಿಯ ಗಾಜು ಗುಡುಗುಟ್ಟಿತು. ಕಿತ್ತಳೆ ಕೊಡೆಯ ವಿಮಾನ ಠಾಣೆಯ ಮೇಲಿಂದಲೇ ಹಾದು ಹೋಯಿತು. ಎಣಿಕೆಯಪ್ಪ ತಲೆ ಎತ್ತಿ, ಸದ್ದು ಪೂರ್ತಿ ಅಡಗುವವರೆಗೂ ಆಲಿಸಿದ. ಆಮೇಲೆ ಪೆನ್ನು ತೆಗೆದುಕೊಂಡು, ಇಡೀ ಹೇಳಿಕೆಯನ್ನು ಇನ್ನೊಮ್ಮೆ ಓದಿ, ಪುಟಗಳನ್ನು ಎಣಿಸಿ ಸಹಿ ಹಾಕಿದ. ಇನ್ಸ್‌ಪೆಕ್ಟರ್ ಅವನ ಕೈಯಿಂದ ಪೆನ್ನು ಇಸಿದುಕೊಂಡು, ಅದರ ಕೆಳಗೆ ತನ್ನದನ್ನೂ ಹಾಕಿದ.