ಎತ್ತದ ಕರೆ

ನೀಲಿ ಬೆಳಕು ಆರಿತು, ‘ಕಾಯಕಲ್ಪ’ ಯಂತ್ರದ ಬಾಯಿ ತೆರೆಯಿತು, ಸುಟ್ಟು ಕಪ್ಪಾಗಿ ಒಳಹೋಗಿದ್ದ ರೇಡಿಯೊ ಪೆಟ್ಟಿಗೆ ಹೊಚ್ಚಹೊಸದಾಗಿ ಹೊರಬಂತು. ಮೊಬೈಲ್ ಗೋಪುರದ ತುದಿಯಲ್ಲಿ ವರ್ಷಗಟ್ಟಲೆ ಬಿಸಿಯುಂಡು ಅದರೊಳಗಿನ ಹರಳು ಬಿರುಕು ಬಿಟ್ಟಿರುತ್ತದೆ. ಈ ಬೆಳಕು ಸರಿದುಹೋದ ಅಣುಗಳನ್ನು ಮತ್ತೆ ತಮ್ಮ ಜಾಗಕ್ಕೆ ಕೂರಿಸುತ್ತದೆ. ಇದನ್ನು ಕಂಡುಹಿಡಿದವಳು ಹುಬ್ಬಳ್ಳಿಯ ಡಾ. ದಾನೇಶ್ವರಿ. ಬಳಕೆಯಿಲ್ಲದೆ ಸುಮ್ಮನೆ ನಿಂತ ಗೋಪುರಗಳನ್ನು ಹುಡುಕಿ, ಅವುಗಳ ಪೆಟ್ಟಿಗೆ ಇಳಿಸಿ ಬೇಕಾದಲ್ಲಿಗೆ ಕಳಿಸುವ ಲೆಕ್ಕವೂ ಅವಳದೇ. ಹೊಸ ಪೆಟ್ಟಿಗೆ ತಯಾರಿಸುವುದನ್ನೇ ದೇಶ ನಿಲ್ಲಿಸಿತ್ತು. ಉಗ್ರಾಣದಲ್ಲಿ ಒಂದೇ ಒಂದು ಪೆಟ್ಟಿಗೆಯೂ ದಂಡಕ್ಕೆ ಬಿದ್ದಿರುತ್ತಿರಲಿಲ್ಲ.

ಈಚೆಗೆ ಅವಳ ಸಂಜೆಗಳು ಮಾತ್ರ ಬಿಕೋ ಎನ್ನುತ್ತಿದ್ದವು. ಅವ್ವ ತೀರಿಕೊಂಡಾಗ ಅವಳೂ ಅಕ್ಕ ಭಾಗ್ಯಶ್ರೀಯೂ ಆಡಬಾರದ್ದನ್ನು ಆಡಿಕೊಂಡು ಮಾತು ಬಿಟ್ಟಿದ್ದರು. ಆದರೂ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಫೋನು ಒಂದು ರಿಂಗ್ ಕೊಟ್ಟು ನಿಲ್ಲುತ್ತಿತ್ತು: ಇದ್ದೇನೆ ಎಂದು. ತಂಗಿ ಎತ್ತದೆ, ತಿರುಗಿ ಒಂದು ರಿಂಗ್ ಕೊಡುತ್ತಿದ್ದಳು: ನಾನೂ ಇದ್ದೇನೆ ಎಂದು. ನಮ್ಮ ಕಾಲದ ಮಿಸ್ಡ್ ಕಾಲ್ ಚಾಳಿ, ನೋಡಿ, ಆಗಲೂ ಇವರಲ್ಲಿ ಉಳಿದಿತ್ತು! ಅದು ಒಂದು ದಿನ ನಿಂತುಹೋಯಿತು. ಅವಳಿಗೇ ಬೇಡವಾದರೆ ನನಗೇನು ಎಂದು ದಾನೇಶ್ವರಿ ಮುಖ ಊದಿಸಿಕೊಂಡು ಕೂತಳು. ತಾನಾಗಿ ಫೋನು ಹಚ್ಚಲು ಬಿಗುಮಾನ.

ಮುಂದಿನ ಪೆಟ್ಟಿಗೆಯ ಮೇಲೆ ಹಿರೇಬಾವಿ ಗುಡ್ಡದ ಹೆಸರಿತ್ತು. ಅಕ್ಕ ಗಾಳಿಯಂತ್ರಗಳನ್ನು ನೋಡಿಕೊಳ್ಳುತ್ತ ಒಬ್ಬಳೇ ಇರುವ ಗುಡ್ಡ ಅದು. ದಾನೇಶ್ವರಿ ಪೆಟ್ಟಿಗೆಯನ್ನು ತಡೆದು ಹಿಡಿದಳು.

“ರಿಯಾಜ್, ಇದನ್ನ್ಯಾಕ ಇಳಿಸಿದ್ರಿ?”

“ಬಳಕಿ ಸೊನ್ನಿ ಅಂತ ಬಂದಿತ್ರೀ ಮೇಡಂ,” ಎಂದ ಉಗ್ರಾಣದ ರಿಯಾಜ್ ನದಾಫ್.

ಸೊನ್ನೆ! ಯಾರೂ ಎತ್ತದ ಕರೆ ಬಳಕೆಯಲ್ಲ ಎಂದು ಲೆಕ್ಕದಲ್ಲಿ ಬರೆದವಳು ಅವಳೇ. ಇಷ್ಟು ವರ್ಷದ ರಿಂಗುಗಳಲ್ಲಿ ಒಂದನ್ನೂ ಎತ್ತದವಳೂ ಅವಳೇ.

“ತಿರುಗಿ ಏರಸ್ರಿ ಇದನ್ನ.”

“ಹೆಂಗ್ರೀ? ಆಸ್ಪತ್ರಿಯವ್ರು ತಮ್ಮ ಗೋಪುರಕ್ಕ ಇದನ್ನ ಕಾಯಾಕ ಹತ್ಯಾರ. ಬ್ಯಾರೆ ಪೆಟ್ಟಿಗಿ ಎಲ್ಲೈತ್ರೀ?”

ಎಲ್ಲೂ ಇರಲಿಲ್ಲ. ಒಂದೂ ಉಳಿಯದಂತೆ ಮಾಡಿದ್ದೇ ಅವಳ ಹೆಗ್ಗಳಿಕೆಯಾಗಿತ್ತಲ್ಲ. “ಹೋಗ್ಲಿ ಯಂತ್ರದೊಳಗ,” ಎಂದವಳೇ ಗಾಡಿ ಹತ್ತಿದಳು.

ಗುಡ್ಡದ ಮೇಲೆ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಭಾಗ್ಯಶ್ರೀ ಬರಿದಾದ ಗೋಪುರದ ಬುಡದಲ್ಲಿ ಫೋನು ಹಿಡಿದು ಕೂತಿದ್ದಳು. ತಂಗಿಯನ್ನು ಕಂಡು ಎದ್ದಳು, ಮತ್ತೆ ಕೂತಳು.

“ಅದೀ ಏನ ನೀ?”

“ಅದೀನಿ ಅಕ್ಕಾ.”

“ನಿನ್ನ ರಿಂಗ್ ನಿಂತಾಗ ಸತ್ತಿ ಅಂತ ತಿಳಿದಿದ್ನಲ್ಲೇ, ಹುಚ್ಚಿ! ತುದಿಯಾಗಿನ ಪೆಟ್ಟಿಗಿ ಹೋಗಿದ್ದು ನನಗೇನ ಗೊತ್ತು? ಬಂದು ನೋಡಾಕ ಧೈರ್ಯ ಸಾಲಲಿಲ್ಲ ನನಗ.”

ಇಬ್ಬರೂ ಅತ್ತರು. ಆಮೇಲೆ ಅಕ್ಕ ಚಹಾಕ್ಕೆ ಇಟ್ಟಳು.

ಹುಬ್ಬಳ್ಳಿಗೆ ಮರಳಿ ದಾನೇಶ್ವರಿ ಲೆಕ್ಕ ತಿದ್ದಿದಳು: ಎತ್ತದ ಕರೆಯೂ ಬಳಕೆಯೇ. ಹಳೆಯ ದಾಖಲೆಗಳನ್ನೆಲ್ಲ ಹೊಸ ಲೆಕ್ಕಕ್ಕೆ ಹಾಕಿ ನೋಡಿದಳು. ಸೊನ್ನೆಯೆಂದು ಪೆಟ್ಟಿಗೆ ಇಳಿಸಿದ್ದ ಗೋಪುರ ಗೋಪುರದಿಂದಲೂ ಯಾರೋ ಯಾರಿಗೋ ಒಂದೊಂದು ರಿಂಗ್ ಕೊಟ್ಟು ಕಾದಿದ್ದರು. ಅವರನ್ನೆಲ್ಲ ಹುಡುಕಿಕೊಂಡು ಯಾರೂ ಗಾಡಿ ಹತ್ತಿರಲಿಲ್ಲ.