ಬಿಸಿಲಿನಲ್ಲಿ ಬಂದ ಗುಡುಗು ಮಳೆ

ಕಟ್ಟಡದ ಸೈಟಿನ ಆಫೀಸಿನಲ್ಲಿ, ತಮ್ಮ ಕೋಣೆಯ ಮೇಜಿನ ಪಕ್ಕ ಗುತ್ತಿಗೆದಾರರು ಬೋರಲು ಬಿದ್ದಿದ್ದರು. ತಲೆಯ ಹಿಂದೆ ರಕ್ತ, ಉಸಿರಿಲ್ಲ. ಕಾಲ ಬಳಿ ದೊಡ್ಡ ಸ್ಪ್ಯಾನರ್. ಅವರನ್ನು ಎತ್ತಲು ಹೋಗಿ ಅಂಗಿಯೆಲ್ಲ ರಕ್ತ ಮಾಡಿಕೊಂಡು ನಿಂತವನು ಕ್ರೇನ್ ಓಡಿಸುವ ಅಣ್ಣ.

ಅದೇ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತಂಗಿಗೆ ಜೀವ ಬಾಯಿಗೆ ಬಂತು. ಹಿಂದಿನ ದಿನವಷ್ಟೇ, ಈ ಗಾಳಿಯಲ್ಲಿ ಕ್ರೇನ್ ಹತ್ತುವುದಿಲ್ಲವೆಂದು ಅಣ್ಣ ಎಲ್ಲರೆದುರು ಅವರ ಜೊತೆ ಜಗಳವಾಡಿದ್ದ. ಪೊಲೀಸರಿಗೆ ಇನ್ನೇನು ಬೇಕು?

"ನಾನಲ್ಲ ಕಣೇ," ಎಂದ ಅಣ್ಣ, ಜೀಪು ಹತ್ತುವಾಗ.

* * *

"ನಿಮ್ಮಣ್ಣ ಕೆಲಸ ಬಿಟ್ಟು ಇಲ್ಲಿಗ್ಯಾಕೆ ಬಂದ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಮ್ಯಾನೇಜರ್ ಸೈಟಿನ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದ್ರು ಮೇಡಂ. ಮನೇಲಿದ್ದೀನಿ, ಗುಡುಗು ಮಳೆ ತೋರಿಸ್ತಿದೆ, ಕ್ರೇನ್ ನಿಲ್ಲಿಸಿ ಅಂತ. ಆಗ ನೆತ್ತಿ ಸುಡೋ ಬಿಸಿಲು. ಏನು ಕಥೆ ಅಂತ ಗುತ್ತಿಗೆದಾರರನ್ನ ಕೇಳೋಕೆ ಬಂದ."

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ನಕ್ಕರು. "ಹವಾಮಾನ ವರದಿ ನಂಬಿ ಕೊಡೆ ಹಿಡಿದವರೆಲ್ಲ ಪೆದ್ದರೇ ಮೇಡಂ! ಲ್ಯಾಪ್‌ಟಾಪ್ ಪರದೇಲಿ ಬಂದದ್ದನ್ನ ಹಾಗೇ ಹಾಕಿದೆ."

ಇನ್‌ಸ್ಪೆಕ್ಟರಮ್ಮನೂ ನಕ್ಕರು. ತಂಗಿ ನಗಲಿಲ್ಲ. ಮೊಬೈಲಿನಲ್ಲಿ, ಗುಡುಗು ಮಳೆ ತೋರಿಸುತ್ತಿದೆ ಎಂಬ ಆ ಒಂದು ಸಾಲನ್ನೇ ನೋಡಿದಳು.

* * *

ಅವಳು ಇನ್‌ಸ್ಪೆಕ್ಟರಮ್ಮನನ್ನು ಪಕ್ಕಕ್ಕೆ ಕರೆದು, ತನ್ನ ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಪ್ಪು ಪರದೆ ತೆರೆದಳು. ಹವಾಮಾನ ಕೇಳುವ ಆಜ್ಞೆಯನ್ನು ಟೈಪ್ ಮಾಡಿದಳು. ಗುಡುಗು ಮಳೆ, ಜೋರು ಗಾಳಿ. ಅದೇ ಆಜ್ಞೆಗೆ ಊರಿನ ಹೆಸರು ಸೇರಿಸಿದಳು. ಬಿಸಿಲು.

"ಇದೇನಮ್ಮ, ಎರಡು ನಾಲಿಗೆ?"

"ನಾವೂ ಮ್ಯಾನೇಜರೂ ಹವಾಮಾನ ನೋಡೋದು ಇದರಲ್ಲೇ. ಊರು ಹೇಳದಿದ್ರೆ, ಇಂಟರ್‌ನೆಟ್ ಯಾವ ಊರಿಂದ ಹೊರಡುತ್ತೋ ಅಲ್ಲಿಯ ಹವಾಮಾನ ಹೇಳುತ್ತೆ ಮೇಡಂ. ಈ ಆಫೀಸಿನ ಲೈನ್ ದೂರದ ಕೇಂದ್ರ ಕಚೇರಿ ಮೂಲಕ ಹೋಗುತ್ತೆ. ಅಲ್ಲೀಗ ಮಳೆ. ಅದಕ್ಕೇ ಇಲ್ಲಿ ಕೂತವರೆಲ್ಲ ಊರಿನ ಹೆಸರು ಸೇರಿಸ್ತೀವಿ."

ಕುರ್ಚಿಯ ಬೆನ್ನಿಗೆ ಯಾರದೋ ಕೈ ಬಿತ್ತು. ಮ್ಯಾನೇಜರ್ ಹಿಂದೆಯೇ ನಿಂತಿದ್ದರು. ಆದರೂ ಅಣ್ಣನ ಮುಖ ನೆನೆದು ಮಾತು ಮುಂದುವರಿಸಿದಳು.

"ಇವರು ದಿನಾ ಮನೇಲಿ ಕೂತು ಕೆಲಸ ಮಾಡೋರು. ಅಲ್ಲಿ ಹೆಸರು ಸೇರಿಸೋದೇ ಬೇಡ, ನಮ್ಮೂರಿನ ಬಿಸಿಲನ್ನೇ ತೋರಿಸುತ್ತೆ. ಮಳೆ ತೋರಿಸ್ತು ಅಂದ್ರೆ ಇವರು ಆ ಹೊತ್ತಿಗೆ ಇದೇ ಆಫೀಸಿನಲ್ಲಿದ್ರು."

"ಸುಳ್ಳು! ಮನೆಯಿಂದಲೂ ಆ ಲೈನ್ ಸಿಗುತ್ತೆ!"

"ಸಿಗಲ್ಲ. ಆ ಏರ್ಪಾಡು ಮಾಡಿದ್ದು ನಾನೇ."

ಕುರ್ಚಿಯ ಮೇಲಿನ ಕೈಯನ್ನು ಇನ್‌ಸ್ಪೆಕ್ಟರಮ್ಮ ಹಿಡಿದರು. "ಕ್ರೇನ್ ಮೇಲಿಂದ ಗುತ್ತಿಗೆದಾರರ ಕೋಣೆಯ ಹೊರಬಾಗಿಲು ಕಾಣುತ್ತೆ. ಅದಕ್ಕೇ ಇವಳಣ್ಣನನ್ನ ಕೆಳಗಿಳಿಸಿದಿರಿ, ಅಲ್ವಾ?"

ಮ್ಯಾನೇಜರ್ ಕುಸಿದು ಕೂತರು. ಕಟ್ಟಡಕ್ಕೆ ಕಳಪೆ ಕಬ್ಬಿಣ ತರಿಸಿದ್ದು ಅವರೇ. ಅದು ಗುತ್ತಿಗೆದಾರರಿಗೆ ಗೊತ್ತಾಗಿತ್ತು. ಹಿಂದಿನ ಗೇಟಿನಿಂದ ಬಂದು, ಮನೆಯಲ್ಲಿದ್ದೇನೆಂದು ನಂಬಿಸಲು ಮೆಸೇಜ್ ಹಾಕಿ, ಸ್ಪ್ಯಾನರ್ ಎತ್ತಿದ್ದರು.

ಪೊಲೀಸರ ಜೊತೆ ಹೊರಡುವಾಗ ಮ್ಯಾನೇಜರ್ ಅವಳತ್ತ ಬಗ್ಗಿದರು. "ಆಮೇಲೆ ಬಾಗಿಲು ತಟ್ಟಿದ್ದು ನೀನೇ ತಾನೇ? ಒಳಗೆ ಬರ್ತೀಯೇನೋ ಅಂತ ಸ್ಪ್ಯಾನರ್ ಹಿಡಿದು ಕಾಯ್ತಿದ್ದೆ."

ತಟ್ಟಿದ್ದಳು. ಗುತ್ತಿಗೆದಾರರ ಒಂದು ಸಹಿ ಬೇಕಿತ್ತು. ಉತ್ತರ ಬಾರದೆ ಮರಳಿದ್ದಳು.

ಸಂಜೆ ಠಾಣೆಯಿಂದ ಹೊರಬಂದ ಅಣ್ಣ, "ಯಾಕೆ ಹೀಗೆ ನಡುಗ್ತಿದ್ದೀಯೇ? ಎಲ್ಲಾ ಮುಗೀತಲ್ಲ," ಎಂದ. ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾಗಿಲು ತಟ್ಟಿದ್ದನ್ನು ಮಾತ್ರ ಹೇಳಲಿಲ್ಲ.