ರಿಂಗ್ ಕಾಯುವ ಪಿನ್ನು

ಹುಡಗಿ ಗ್ರಾಮದ ತಿರುವಿನ ಬೇವಿನ ಮರದ ಬುಡದಲ್ಲಿ ಶರಣಕುಮಾರ ಬಿದ್ದಿದ್ದ. ನಾವು ಹೋಗುವಷ್ಟರಲ್ಲಿ ಪ್ರಾಣ ಹೋಗಿತ್ತು. ಅವನ ಟೂ-ಸ್ಟ್ರೋಕ್ ಬೈಕು ರಸ್ತೆಯ ಆಚೆ ಬದಿಗೆ ಮಲಗಿತ್ತು. ಡಾಂಬರಿನ ಮೇಲೆ ಹಿಂದಿನ ಚಕ್ರ ಉಜ್ಜಿದ ಉದ್ದನೆಯ ಕಪ್ಪು ಗೆರೆ. ಬೈಕು ಎತ್ತಿ ನಿಲ್ಲಿಸಿ ಕಿಕ್ ಒತ್ತಿದೆ. ಅಲುಗಲಿಲ್ಲ. ಇಂಜಿನ್ ಒಳಗೇ ಜಾಮ್ ಆಗಿತ್ತು.

1999ರ ಜೂನ್, ಸೋಮವಾರ ಬೆಳಿಗ್ಗೆ. ನಾನು ಗುಂಡಪ್ಪ, ಹುಮನಾಬಾದ್ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತೆರಡು ವರ್ಷದ ಸರ್ವಿಸ್. ಬಾಯಿ ಸ್ವಲ್ಪ ಜೋರು, ಕೈಯೂ ಅವಸರದ್ದು. ಎದುರಿಗೆ ಬಂದಿದ್ದ ಮರಳಿನ ಟ್ರ್ಯಾಕ್ಟರಿನವನ ಕಾಲರ್ ಹಿಡಿದೇಬಿಟ್ಟೆ. ಪಿಎಸ್‌ಐ ಸಂಘರತ್ನ ಮಾತ್ರ ಟ್ರ್ಯಾಕ್ಟರಿಗೆ ಒಂದು ಸುತ್ತು ಬಂದರು. ಎಲ್ಲೂ ತಾಗಿದ ಗುರುತಿರಲಿಲ್ಲ.

“ಬಿಡ್ರಿ ಅವ್ನ. ಇಂಜಿನ್ ಬಿಚ್ಚಸ್ರಿ.”

ಠಾಣೆಯ ಅಂಗಳಕ್ಕೆ ನಮ್ಮೂರ ಹಳೇ ಮೆಕ್ಯಾನಿಕ್ ಕಾಶಿರಾಮನನ್ನು ಕರೆಸಿದೆ. ಪಂಚ ಸಾಕ್ಷಿಗಳ ಎದುರು ಅವನು ಸಿಲಿಂಡರ್ ಎತ್ತಿದ. ತಳದಲ್ಲಿ ಅಂಟಿದ್ದ, ಸಂದಿ ಮುಚ್ಚುವ ಗ್ಯಾಸ್ಕೆಟ್ ಕೆರೆದು ಸೀಮೆಎಣ್ಣೆ ತಟ್ಟೆಗೆ ಎಸೆದ. ಆಮೇಲೆ ಮುರಿದ ರಿಂಗ್ ತೋರಿಸಿದ.

“ನೋಡ್ರಿ ಸಾಹೇಬ್ರ. ರಿಂಗ್ ಅಂದ್ರ ಸೀಳಿದ ಬಳೆ ಇದ್ದಂಗ. ಆ ಸೀಳಿನಾಗ ಸಣ್ಣ ಪಿನ್ ಕುಂತು, ರಿಂಗ್ ತಿರುಗದಂಗ ಹಿಡಿತದ. ಪಿನ್ ಇಲ್ಲಂದ್ರ ರಿಂಗ್ ತಿರುಗಿ, ತುದಿ ಹೋಗಿ ಸಿಲಿಂಡರಿನ ಕಿಂಡ್ಯಾಗ ಸಿಗತದ. ಸಿಕ್ತಂದ್ರ ಖೇಲ್ ಖತಂ.”

“ಪಿನ್ ಎಲ್ಲವ?” ಸಂಘರತ್ನ ಕೇಳಿದರು.

“ಬಿದ್ದಾವ್ರಿ. ಇದು ಬ್ಯಾರೆ ಗಾಡಿ ಪಿಸ್ಟನ್. ಜೋರ್ ಓಡ್ಲಿ ಅಂತ ತಂದು ಹಾಕಿ, ಪಿನ್ನಿನ ಜಾಗ ಬದಲಿ ಮಾಡ್ಯಾರ. ಕಲ್ಯಾಣದ ಮಹೆಬೂಬನ ಕೆಲಸ. ಇಂಥಾ ಹುಚ್ಚು ಬ್ಯಾರೆ ಯಾರಿಗದ?”

ನಾನು ಜಪ್ತಿ ಪಟ್ಟಿ ಬರೆದೆ. ಪಿಸ್ಟನ್, ಸಿಲಿಂಡರ್, ರಿಂಗ್, ಸೀಮೆಎಣ್ಣೆ ತಟ್ಟೆ. ತಟ್ಟೆ ತನ್ನದು, ಕೊಡ್ರಿ ಎಂದು ಕಾಶಿರಾಮ ಎರಡು ಸಲ ಕೇಳಿದ. ಪಟ್ಟಿಯಲ್ಲಿ ಬರೆದದ್ದನ್ನು ನಾನು ನನ್ನ ಬೀಗರಿಗೂ ಕೊಡುವವನಲ್ಲ.

*

ಮಧ್ಯಾಹ್ನ ಬಸವಕಲ್ಯಾಣಕ್ಕೆ ಹೋಗಿ ಮಹೆಬೂಬನನ್ನು ಎತ್ತಿಕೊಂಡು ಬಂದೆ. ಸತ್ತವನ ಜೀವದ ಗೆಳೆಯ.

“ಈ ಇಂಜಿನ್ ನಿನ್ನ ಬಿಟ್ಟು ಯಾರಾರ ಬಿಚ್ಚ್ಯಾರೇನು?”

“ಯಾರೂ ಇಲ್ರಿ. ಶರಣ್ಯಾ ಬ್ಯಾರೆಯವರಿಗೆ ಕೈ ಹಚ್ಚಗೊಡ್ತಿದ್ದಿಲ್ಲ.”

ಅಯ್ಯೋ ಪುಣ್ಯಾತ್ಮ! ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡ. ಅದನ್ನೇ ಬರೆದು ಸಹಿ ಹಾಕಿಸಿದೆ. ಲಾಕಪ್ಪಿನಲ್ಲಿ ಅವನು ಗೋಡೆಗೆ ಮುಖ ಮಾಡಿ ಕುಳಿತ.

“ನನ್ನ ಪಿನ್ನೇ ಬಿದ್ದಿರಬೇಕ್ರಿ. ದೋಸ್ತನ್ನ ನಾನೇ ಕೊಂದೆ.”

ಹೊರಗಿನ ಕಟ್ಟೆಯ ಮೇಲೆ ಅವನ ತಾಯಿ ವಜೀರಬಿ ಕುಳಿತಿದ್ದಳು. ಚಹಾ ಕೊಟ್ಟರೂ ಮುಟ್ಟಲಿಲ್ಲ. ಮರುದಿನ ಹನ್ನೊಂದಕ್ಕೆ ಮಗನನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ನನ್ನ ಲೆಕ್ಕದಲ್ಲಿ ಕೇಸು ಮುಗಿದಿತ್ತು.

ಸಂಘರತ್ನ ಪಿಸ್ಟನ್ ಹಿಡಿದು ಲಾಕಪ್ಪಿಗೆ ಬಂದರು.

“ಇದನ್ನ ನೋಡು.”

“ನಾ ನೋಡಂಗಿಲ್ರಿ.”

“ನಿಮ್ಮವ್ವ ಮುಂಜಾನಿಂದ ಏನೂ ತಿಂದಿಲ್ಲ. ಆಕಿ ಸಲುವಾಗಿ ನೋಡು.”

ಅವನು ಕೈ ಚಾಚಿದ. ರಿಂಗ್ ಕೂಡುವ ಗೆರೆಯಲ್ಲಿ ಹೆಬ್ಬೆರಳಿನ ಉಗುರು ಆಡಿಸಿದ. ಉಗುರು ಒಂದು ಕಡೆ ನಿಂತಿತು.

“ಸಾಹೇಬ್ರ, ಇವು ಬಿದ್ದಿದ್ದಲ್ರಿ. ಕಿತ್ತಿದ್ದು!”

“ಹ್ಯಾಂಗ?”

“ಪಿನ್ ಕೂಡ್ಸಿದ ಮ್ಯಾಲ ನಾ ಎರಡೂ ಬದಿ ಪಂಚ್ ಬಡದು ಬಿಗಿ ಮಾಡ್ತೀನಿ. ಆ ಬಡದಿದ್ದನ್ನ ಡ್ರಿಲ್ ಹಚ್ಚಿ ತಗದಾರ. ತಾನಾಗೇ ಬಿದ್ದಿದ್ರ ತೂತು ಸವದು ಅಗಲ ಆಗಿರ್ತಿತ್ತು. ಪಿನ್ ಒಳಗ ಓಡಾಡಿ ಸಿಲಿಂಡರ್ ಗೀಚಿರ್ತಿತ್ತು. ಮತ್ತ ಎರಡು ರಿಂಗಿಗೆ ಎರಡು ಪಿನ್, ಒಂದು ಬೀಳಬಹುದ್ರಿ, ಎರಡೂ ಒಮ್ಮೆಲೆ ಹ್ಯಾಂಗ ಬೀಳ್ತಾವ?”

“ಬಚಾವ್ ಆಗಾಕ ಹೇಳಾಕತ್ಯಾನ್ರಿ,” ಎಂದೆ ನಾನು.

ಸಂಘರತ್ನ ಸಿಲಿಂಡರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಿಂಡಿಯ ಹತ್ತಿರ ರಿಂಗ್ ಕಚ್ಚಿದ ಗಾಯ ಒಂದೇ. ಪಿನ್ ಗೀಚಿದ ಗುರುತು ಎಲ್ಲೂ ಇರಲಿಲ್ಲ.

“ಇದನ್ನ ಹಾಕಿದ್ದು ಯಾವಾಗ?”

“ಶಿವರಾತ್ರಿಗ್ರಿ. ನಾಕು ತಿಂಗಳು ಚಂದ ಓಡ್ಯದ.”

“ಇಂಜಿನ್ ಬಿಚ್ಚಿದ್ರ ಗ್ಯಾಸ್ಕೆಟ್ ಬದಲಿ ಆಗಿರಬೇಕು. ನೀ ಯಾವುದು ಹಾಕಿದ್ದಿ?”

“ಸೋಲಾಪುರದ ಕರೀ ಶೀಟ್ರಿ. ದಪ್ಪ ಕೂದಲೆಳಿ ಫರಕಾದ್ರೂ ಲೆಕ್ಕ ತಪ್ಪತದ.”

ಸಾಹೇಬರು ವರಾಂಡಕ್ಕೆ ಓಡಿದರು. ತಟ್ಟೆಯಲ್ಲಿ ಕೈ ಹಾಕಿ ಗ್ಯಾಸ್ಕೆಟ್ ಎತ್ತಿ ಒರೆಸಿದರು. ಕರೀ ಶೀಟಲ್ಲ, ದಪ್ಪ ರಟ್ಟು. ಎಣ್ಣೆಯ ಜಿಡ್ಡಿನ ಕೆಳಗೆ ಕೆಂಪು ಅಕ್ಷರ: ‘ಚಿ. ಸೌ. ದೀಪಾ’. ಅಲ್ಲಿಗೆ ಕತ್ತರಿ ಆಡಿತ್ತು.

ಮೇ ತಿಂಗಳಲ್ಲಿ ದೀಪಾಲಿಯ ಮದುವೆ ಊಟ ನಾನೂ ಉಂಡಿದ್ದೆ. ಕಾಶಿರಾಮನ ಮಗಳು.

*

ಮರುದಿನ ಒಂಬತ್ತಕ್ಕೆ ಶರಣಕುಮಾರನ ತಂದೆ ವೈಜನಾಥ ಬಂದರು. ಸಾಹೇಬರು ಒಂದೇ ಪ್ರಶ್ನೆ ಕೇಳಿದರು.

“ಆದಿತ್ಯವಾರ ಗಾಡಿ ಎಲ್ಲಿತ್ರಿ ಕಾಕಾ?”

“ಬೇಮಳಖೇಡಕ್ಕ ಎಲ್ಲಾರೂ ಜೀಪಿನ್ಯಾಗ ಹೋಗಿದ್ವಿ. ಗಾಡಿ ಪಂಕ್ಚರ್ ಆಗಿತ್ತಲ್ಲ, ಮಗ ಕಾಶಿರಾಮನ ಅಂಗಡ್ಯಾಗ ಬಿಟ್ಟಿದ್ದ. ಸಂಜಿಗಿ ತಗೊಂಡ.”

ಕಾಶಿರಾಮನ ಅಂಗಡಿಗೆ ಹೋಗಿ, ಅಲ್ಲಿಂದ ಅವನನ್ನೂ ಅವನ ಚೂರುಪಾರಿನ ಡಬ್ಬಿಯನ್ನೂ ಠಾಣೆಗೆ ತಂದೆವು. ಮೇಜಿನ ಮೇಲೆ ಗ್ಯಾಸ್ಕೆಟ್ ನೋಡಿ ಅವನು ನಕ್ಕ.

“ಲಗ್ನದ ಕಾರ್ಡ್ ಊರಿಗೆಲ್ಲ ಹಂಚೀನ್ರಿ. ಮಹೆಬೂಬಗೂ ಕೊಟ್ಟೀನಿ. ಅಂವಾ ಕತ್ತರಿಸಿರಬೇಕು.”

ಮಾತು ಗಟ್ಟಿಯಾಗಿತ್ತು. ಕೋರ್ಟಿನಲ್ಲೂ ನಿಲ್ಲುತ್ತಿತ್ತು.

ಸಂಘರತ್ನ ಡಬ್ಬಿ ಬೋರಲು ಹಾಕಿದರು. ಗ್ಯಾಸ್ಕೆಟ್ ಕತ್ತರಿಸಿ ಉಳಿದ ಚೂರನ್ನು ಯಾವ ಮೆಕ್ಯಾನಿಕ್ಕೂ ಬಿಸಾಡುವುದಿಲ್ಲ, ಸಣ್ಣ ವಾಷರಿಗೆ ಬರುತ್ತದೆ ಎಂದು ಎತ್ತಿಡುತ್ತಾನೆ. ರಾಶಿಯಲ್ಲಿ ನಡುವೆ ತೂತಿದ್ದ ಕಾರ್ಡೊಂದು ಸಿಕ್ಕಿತು. ಗ್ಯಾಸ್ಕೆಟ್ ತಂದು ತೂತಿನಲ್ಲಿ ಇಟ್ಟರು. ‘ದೀಪಾ’ ಪಕ್ಕಕ್ಕೆ ‘ಲಿ’ ಕೂಡಿತು.

“ಇದು ನಿನ್ನ ಡಬ್ಬಿ ಕಾಶಿರಾಮ. ಮಹೆಬೂಬ ಇಂಜಿನ್ ಕಟ್ಟಿದ್ದು ಶಿವರಾತ್ರಿಗೆ. ಆವಾಗ ಈ ಕಾರ್ಡೇ ಅಚ್ಚಾಗಿದ್ದಿಲ್ಲ. ಆದಿತ್ಯವಾರ ನೀ ಬಿಚ್ಚಿದಿ, ಎರಡೂ ಪಿನ್ ತಗದಿ. ಹಳೇ ಗ್ಯಾಸ್ಕೆಟ್ ಹರೀತು, ಉಳಿದಿದ್ದ ಲಗ್ನದ ಕಾರ್ಡ್ ಕತ್ತರಿಸಿ ಹಾಕಿದಿ. ಸೋಮವಾರ ನಮ್ಮ ಮುಂದ ಮೊದಲು ಅದನ್ನೇ ಕೆರದು ಒಗದಿ.”

ಕಾಶಿರಾಮ ಎರಡೂ ಕೈ ಮುಗಿದ.

“ಸಾಯ್ಲಿ ಅಂತ ಮಾಡಿಲ್ರೀ! ಊರ ಹುಡುಗ್ರೆಲ್ಲ ನನ್ನ ಅಂಗಡಿ ಮುಂದಿಂದೇ ಕಲ್ಯಾಣಕ್ಕ ಹೋಗಾಕತ್ತಿದ್ರು. ಬಜಾರದಾಗ ಗಾಡಿ ಕೆಟ್ಟು ನಿಲ್ಲಲಿ, ಮಹೆಬೂಬನ ಹೆಸರು ಹೋಗ್ಲಿ ಅಂದ್ಕೊಂಡೆ. ಅಷ್ಟ್ರೀ…”

ವೈಜನಾಥ ಅವನನ್ನು ನೋಡಿದರು. ನನಗೇ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಹಿಂದಿನ ದಿನ ಅಮಾಯಕನಿಗೆ ಸಹಿ ಹಾಕಿಸಿದ ಕೈ ಅದೇ ಅಲ್ಲವೇ, ಸುಮ್ಮನಾದೆ.

*

ಲಾಕಪ್ಪಿನ ಬೀಗ ತೆಗೆದೆ. ಮಹೆಬೂಬ ಏಳಲಿಲ್ಲ. ವಜೀರಬಿ ಸರಳು ಹಿಡಿದು, “ಬಾ ಬೇಟಾ” ಎಂದು ಕರೆದಳು. ಅದಕ್ಕೂ ಏಳಲಿಲ್ಲ.

“ಗಾಡಿ ಹುಚ್ಚೆದ್ದು ಓಡೂವಂಗ ಮಾಡಿದಾಂವ ನಾನೇ ಅಲ್ರಿ. ಯಾವ ಮುಖ ತಗೊಂಡು ಹೊರಗ ಬರ್ಲಿ?”

ನನ್ನನ್ನು ಸರಿಸಿ ವೈಜನಾಥ ಒಳಗೆ ಹೋದರು. ಅವನ ಎದುರು ನೆಲದ ಮೇಲೆ ಕುಳಿತರು.

“ಮಣ್ಣು ಮಾಡೂ ಹೊತ್ತಾಗ್ಯದ. ನನ್ನ ಮಗನ್ನ ಹೊರಾಕ ಒಂದು ಹೆಗಲು ಕಡಿಮಿ ಅದ. ಏಳು.”

ಮಹೆಬೂಬ ಎದ್ದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಗೆ ಬಂದರು, ನಾನು ಟೋಪಿ ತೆಗೆದು ಹಿಂದೆ ನಡೆದೆ.